ನುಂಗಲಾರದ ತುತ್ತು

ಮುದ್ದೆಯನ್ನು ಅಗಿಯದೆ, ಸಾರಿನಲ್ಲಿ ಅದ್ದಿ ನುಂಗುವುದೇ ಕ್ರಮವಾಗಿರುವ ನಮ್ಮ ಸೀಮೆಯಲ್ಲಿ, ಏಡ್ಸ್ ಎಂಬ ವ್ಯಾಧಿಯ ಒಂದು ಲಕ್ಷಣವು ಊಟದ ತಟ್ಟೆಯ ಮುಂದೆಯೇ ಪ್ರಕಟವಾದುದು ಸೋಜಿಗವಲ್ಲ. ತುತ್ತು ಎದೆಯ ನಡುವೆ ನಿಂತು ಉರಿಯುವುದು. ರೋಗಿಯು ಮೊದಲು ಮುದ್ದೆಯನ್ನು, ಬಳಿಕ ಅನ್ನವನ್ನು, ಕಡೆಗೆ ಗಂಜಿಯನ್ನೂ ತೊರೆಯುವನು. ಮನೆಯವರು ಅದನ್ನು ಪಿತ್ತವೆಂದು ಬಗೆದು ಜೀರಿಗೆ ಕಷಾಯ ಕಾಸುವರು.

1981ರ ಜೂನ್ 5ರಂದು ಅಮೆರಿಕದಲ್ಲಿ ಪ್ರಕಟವಾದ, ಈ ವ್ಯಾಧಿಯ ಚರಿತ್ರೆಗೆ ಮೊದಲ ಪುಟವೆನಿಸಿದ ವರದಿಯಲ್ಲಿನ ಲಾಸ್ ಏಂಜಲೀಸ್‌ನ ಐವರು ತರುಣರಲ್ಲಿಯೂ ಕ್ಯಾಂಡಿಡಾ ಶಿಲೀಂಧ್ರದ ಸೋಂಕು ಇದ್ದಿತು. ಆರೋಗ್ಯವಂತರ ಬಾಯಲ್ಲಿಯೂ ನಿರುಪದ್ರವಿಯಾಗಿ ವಾಸಿಸುವ ಈ ಜೀವಿಯು, ರಕ್ತದಲ್ಲಿ ರೋಗನಿರೋಧಕ ಸಿಡಿ4 ಕಣಗಳು ಘನ ಮಿಲಿಮೀಟರಿಗೆ 200ಕ್ಕಿಂತಲೂ ಕ್ಷೀಣಿಸಿದವರಲ್ಲಿ, ಅನ್ನನಾಳದ ಒಳಗೋಡೆಗೆ ಒಡೆದ ಮೊಸರಿನಂತಹ ಬಿಳಿಯ ಪೊರೆಯಾಗಿ ಹಬ್ಬಿ ತುತ್ತನ್ನು ತಡೆಯುವುದು. ಇದೇ ನೋವಿಗೆ ಹರ್ಪಿಸ್, ಸೈಟೊಮೆಗಲೊ ವೈರಾಣುಗಳ ಹುಣ್ಣುಗಳೂ ಕಾರಣವಾಗುವುದುಂಟು.

2004ರ ಏಪ್ರಿಲ್‌ನಲ್ಲಿ ಏಡ್ಸ್ ವೈರಾಣುವನ್ನು ಹತ್ತಿಕ್ಕುವ ಸರ್ಕಾರದ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾದಾಗ ಬೆಂಗಳೂರಿಗೆ ದೊರೆತ ಕೇಂದ್ರವು ಶಿವಾಜಿನಗರದ ಬೌರಿಂಗ್ ಆಸ್ಪತ್ರೆ. ರಾಜಾಜಿನಗರದ ಕಾರ್ಖಾನೆಯ ಕಾರ್ಮಿಕನಿಗೂ ಕೆಂಗೇರಿಯ ಗೃಹಿಣಿಗೂ ಅದು ಊರಿನ ಮತ್ತೊಂದು ಮಗ್ಗುಲು. ಆದರೆ ನೆರೆಹೊರೆಯ ಕಣ್ಣಿಗೆ ಅಂಜುವವರಿಗೆ ಆ ದೂರವೇ ಒಂದು ಮರೆಯಾಗಿದ್ದಿರಬೇಕೆಂದು ನನಗೆ ತೋರುತ್ತದೆ. ಎಆರ್‌ಟಿಯು ದೇಹಬಲವನ್ನು ಮರಳಿಸಲು ತಿಂಗಳುಗಳನ್ನೇ ಬೇಡುವುದು; ಶಿಲೀಂಧ್ರಕ್ಕೋ, ಎರಡು ಮೂರು ವಾರ ಫ್ಲುಕೋನಜೋಲ್ ಸಾಕು. ಸಾಮಾನ್ಯವಾಗಿ ಮೊದಲ ವಾರದೊಳಗೇ ನೋವು ತಗ್ಗಿ, ಗಂಜಿಯ ಬಟ್ಟಲನ್ನು ಸರಿಸಿದ ರೋಗಿಯು ಮುದ್ದೆಯನ್ನು ಕೇಳುವನು.