ಹಿಂದಿನ ಚಕ್ರ, ಸೀರೆ ಸೆರಗು

ನಮ್ಮ ಕಡೆ ಬೈಕಿನ ಹಿಂದಿನ ಸೀಟು ಹೆಂಗಸರದ್ದು. ಅರಸೀಕೆರೆ ಸಂತೆಗೆ ಹೋಗ್ಲಿ, ಬೇಲೂರು ತೇರಿಗೆ ಹೋಗ್ಲಿ, ಹಳೇಬೀಡಲ್ಲಿ ನೆಂಟರ ಮನೆ ನಾಮಕರಣಕ್ಕೆ ಹೋಗ್ಲಿ, ಮುಂದೆ ಗಂಡನೋ ಮಗನೋ ತಮ್ಮನೋ ಇರ್ತಾರೆ. ಹಿಂದೆ ನಾವು, ಎರಡೂ ಕಾಲು ಎಡಗಡೆಗೆ, ತೊಡೆ ಮೇಲೊಂದು ಮಗು, ಕೈಲೊಂದು ಚೀಲ. ನಮ್ಮ ಕೆಳಗೇ ತಿರುಗೋ ಚಕ್ರದ ವಿಷಯಕ್ಕೆ ಮಾತ್ರ ನಮ್ಮನ್ನ ಯಾರೂ ಕೇಳಲ್ಲ. ಈಗಿನ ಹುಡುಗರಿಗೆ ಒಂದು ಆಸೆ: ಬೈಕಿನ ತೆಳ್ಳಗಿನ ಹಿಂದಿನ ಚಕ್ರ ಬಿಚ್ಚಿಸಿ, ಬೇರೆ ಮಾಡೆಲ್ಲಿನ ದಪ್ಪ ಚಕ್ರ ಹಾಕಿಸೋದು. "ಬರೀ ಚಕ್ರ ತಾನೆ ಕಣಮ್ಮ" ಅಂತಾರೆ. ಹೂಂ ಅನ್ನೋಕೆ ಮುಂಚೆ ಆ ಚಕ್ರದ ಹಳೇ ಕತೆ ಒಂದಿಷ್ಟು ಕೇಳಿ.

ಚಕ್ರ ಬದಲಾಯಿಸೋದು ನಮ್ಮೋರಿಗೆ ಹೊಸದೇನಲ್ಲ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿ ಗೋಡೆಯಲ್ಲಿ ಮಹಾಭಾರತದ ಯುದ್ಧ ಕೆತ್ತಿರೋ ಸಾಲಲ್ಲಿ ರಥದ ಚಕ್ರಗಳಿವೆ, 12ನೇ ಶತಮಾನದ ಕೆಲಸ. ನಮ್ಮಜ್ಜಿಯರು ತವರಿಗೆ ಹೋಗಿ ಬರ್ತಿದ್ದ ಎತ್ತಿನ ಗಾಡಿಗೂ ಮರದ ಚಕ್ರವೇ, ಸುತ್ತ ಕಬ್ಬಿಣದ ಪಟ್ಟಿ. ಆಮೇಲೆ ಟೈರ್ ಗಾಡಿ ಬಂತು. ತೆಳ್ಳಗಿನ ಚಕ್ರ ಹೋಗಿ ಅಗಲದ ಚಕ್ರ ಬಂದದ್ದು ನಮ್ಮ ಹಳ್ಳಿಗಳಲ್ಲಿ ಆಗಲೇ. ಆದ್ರೆ ಆಗ ಗಾಡಿ ಮಾಡೋರು ಹಳೇ ಅಚ್ಚಿಗೇ ಟೈರ್ ಚಕ್ರ ಸಿಕ್ಕಿಸಲಿಲ್ಲ. ಕಬ್ಬಿಣದ ಅಚ್ಚು ಬಂತು, ಕೀಲೆಣ್ಣೆ ಹಾಕೋ ಜಾಗಕ್ಕೆ ಬೇರಿಂಗ್ ಬಂತು. ಗಾಡಿ ಹಗುರಾಗಿ ಉರುಳೋಕೆ ಶುರುವಾದ ಮೇಲೆ ಇಳಿಜಾರಲ್ಲಿ ಬ್ರೇಕೂ ಬೇಕಾಯ್ತು. ಒಂದು ಚಕ್ರದ ಹಿಂದೆ ಇಷ್ಟೆಲ್ಲಾ ಬದಲಾಯ್ತು.

ಬೈಕಿನ ಕತೆ ನಮ್ಮ ಸೀಮೆಗೆ ಮೈಸೂರಿಂದ ಬಂದದ್ದು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಕೆಲಸ ಶುರುಮಾಡ್ತು, ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಒಪ್ಪಿಗೆ ತಗೊಂಡು. ಆ ಜಾವಾ ಬೈಕಿಗೆ 16 ಇಂಚಿನ ಗಿಡ್ಡ ಚಕ್ರ. ಮೇಲೆ ದೊಡ್ಡ ಮಡ್ಗಾರ್ಡು. ಚೈನು ಪೂರ್ತಿ ಡಬ್ಬಿಯೊಳಗೆ, ಹೊರಗೆ ಕಾಣೋದೇ ಇಲ್ಲ. ಚೈನಿಗೆ ಧೂಳು ಬಡೀದಿರಲಿ ಅಂತ ಮಾಡಿದ್ದಿರಬಹುದು, ಸೀರೆಗೂ ಅದೇ ಕಾವಲಾಯ್ತು. ಮುಂದೆ ಅದೇ ಕಾರ್ಖಾನೆ ಬೈಕಿಗೆ ಯೆಜ್ಡಿ ಅಂತ ಹೆಸರಾಯ್ತು. 1978ರ ರೋಡ್‌ಕಿಂಗ್‌ಗೆ 18 ಇಂಚಿನ ಚಕ್ರ. 1996ರಲ್ಲಿ ಕಾರ್ಖಾನೆ ಮುಚ್ಚಿತು, ಆದ್ರೆ ಯೆಜ್ಡಿ ಸದ್ದು ಇವತ್ತಿಗೂ ನಮ್ಮ ಕಡೆ ಗುರುತು ಸಿಗುತ್ತೆ.

ಅಷ್ಟರಲ್ಲಿ ಪೆಟ್ರೋಲು ಕಮ್ಮಿ ಕುಡಿಯೋ ಬೈಕುಗಳು ಬಂದವು. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100, 1994ರಲ್ಲಿ ಸ್ಪ್ಲೆಂಡರ್. ಸ್ಪ್ಲೆಂಡರಿನ ಹಿಂದಿನ ಟೈರು 2.75 ಇಂಚು ಅಗಲ, ಅಂದ್ರೆ ಸುಮಾರು 70 ಮಿಲಿಮೀಟರು. ತೆಳ್ಳಗಿರೋದು ಜಿಪುಣತನಕ್ಕಲ್ಲ. ತೆಳ್ಳಗಿನ ಟೈರು ಹಗುರ, ರಸ್ತೆಗೆ ಉಜ್ಜೋದು ಕಮ್ಮಿ, ಚಿಕ್ಕ ಇಂಜಿನ್ನಿಗೆ ಎಳೆಯೋದು ಸುಲಭ, ಲೀಟರಿಗೆ ಸಿಗೋ ಕಿಲೋಮೀಟರು ಜಾಸ್ತಿ. ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ತೆಂಗಿನಕಾಯಿ ಮೂಟೆ ಎಲ್ಲಾ ಹೊತ್ತದ್ದು ಆ ತೆಳ್ಳಗಿನ ಚಕ್ರವೇ.

ಆ ಚಕ್ರದ ಪಕ್ಕದಲ್ಲಿ ಎಡಗಡೆಗೆ ಒಂದು ಕಂಬಿ ಜಾಲರಿ ಇರುತ್ತಲ್ಲ, ಸೀರೆ ಗಾರ್ಡು, ಅದಕ್ಕೇ ಕಾಲಿಡೋ ಪಟ್ಟಿಯನ್ನೂ ಸೇರಿಸಿರ್ತಾರೆ. ಅದು ಕಂಪನಿಯೋರು ನಮ್ಮ ಮೇಲೆ ದಯೆ ತೋರಿಸಿ ಕೊಟ್ಟಿದ್ದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಅಂತ ಇದೆ. ಹಿಂದೆ ಕೂರೋರಿಗೆ ಹಿಡ್ಕೊಳ್ಳೋಕೆ ಹಿಡಿ ಬೇಕು, ಕಾಲಿಡೋಕೆ ಜಾಗ ಬೇಕು, ಬಟ್ಟೆ ಚಕ್ರಕ್ಕೆ ಸಿಕ್ಕದ ಹಾಗೆ ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿಯಿಲ್ಲದಷ್ಟು ಮರೆ ಬೇಕು ಅಂತ ಅದು ಹೇಳುತ್ತೆ. ನಮ್ಮ ಸೆರಗು, ದುಪಟ್ಟಾ ಸರ್ಕಾರದ ಪುಸ್ತಕದಲ್ಲಿ ಸೇರಿದ್ದು ಹೀಗೆ. ಹೆಚ್ಚಿನ ಬೈಕುಗಳಲ್ಲಿ ಚೈನು ಇರೋದೂ ಎಡಗಡೆಗೇ, ನಾವು ಕಾಲು ಇಳಿಬಿಡೋ ಕಡೆಗೇ. ಸೆರಗು ಒಂದು ಸಲ ಸುತ್ತಿಕೊಂಡ್ರೆ ಕಿರುಚೋಕೂ ಹೊತ್ತು ಸಿಗಲ್ಲ, ಎಳೆದು ಕೆಡವುತ್ತೆ. ದುಪಟ್ಟಾ ಆದ್ರೆ ಕುತ್ತಿಗೆಗೇ ಬರುತ್ತೆ.

ಇನ್ನು ದಪ್ಪ ಚಕ್ರದ ಆಸೆ ಎಲ್ಲಿಂದ ಬಂತು? ರೇಸಿನ ಬೈಕಿನ ಹಾಗೆ ಕಾಣೋ ಬೈಕುಗಳಿಂದ. ಯಮಹಾ ಆರ್ 15 ಬೈಕನ್ನೇ ತಗೊಳ್ಳಿ. 2008ರಲ್ಲಿ ಬಂದಾಗ ಅದರ ಹಿಂದಿನ ಟೈರು 100 ಮಿಲಿಮೀಟರು ಅಗಲ. 2011ರಲ್ಲಿ ಎರಡನೇ ಮಾದರಿ ಬಂದಾಗ 130 ಆಯ್ತು. ಹಳೇ ಬೈಕಿದ್ದ ಹುಡುಗರಿಗೆಲ್ಲ ಹೊಸ ಬೈಕಿನ ಹಿಂಭಾಗದ ಮೇಲೇ ಕಣ್ಣು. ಆದ್ರೆ ಕಂಪನಿ ಬರೀ ಚಕ್ರ ಬದಲಾಯಿಸಿ ಸುಮ್ಮನಾಗಲಿಲ್ಲ. ಚಕ್ರ ಹಿಡ್ಕೊಂಡಿರೋ ಸ್ವಿಂಗ್ ಆರ್ಮನ್ನೇ ಉದ್ದ ಮಾಡಿ ಅಲ್ಯೂಮಿನಿಯಂದು ಹಾಕಿತು. ಎರಡು ಚಕ್ರದ ನಡುವಿನ ಅಂತರ 1290 ಮಿಲಿಮೀಟರಿಂದ 1345ಕ್ಕೆ ಹೋಯ್ತು. ಟೈರ್ ಗಾಡಿ ಮಾಡಿದೋರಿಗೆ ಗೊತ್ತಿದ್ದ ವಿಷಯವೇ ಇವರಿಗೂ ಗೊತ್ತಿತ್ತು.

ಗ್ಯಾರೇಜಿನಲ್ಲಿ ಬೇರೆ ಮಾಡೆಲ್ಲಿನ ಚಕ್ರ ಕೂರಿಸೋವಾಗ ಏನಾಗುತ್ತೆ ನೋಡಿ. 100ರ ಜಾಗಕ್ಕೆ 130 ಹಾಕಿದ್ರೆ ಎರಡೂ ಪಕ್ಕ 15 ಮಿಲಿಮೀಟರು ಜಾಸ್ತಿ. ಒಂದು ಪಕ್ಕ ಚೈನಿದೆ, ಟೈರು ಹೋಗಿ ಅದಕ್ಕೆ ಉಜ್ಜುತ್ತೆ. ತಪ್ಪಿಸೋಕೆ ಅಂತ ವಾಷರು, ಬುಷ್ಷು ಕೊಟ್ಟು ಚಕ್ರ ಪಕ್ಕಕ್ಕೆ ಸರಿಸಿದ್ರೆ ಮುಂದಿನ ಚಕ್ರ ಒಂದು ಗೆರೆ, ಹಿಂದಿನ ಚಕ್ರ ಇನ್ನೊಂದು ಗೆರೆ, ಬೈಕು ಒಂದು ಕಡೆಗೆ ಎಳೆಯುತ್ತೆ. ಹಲ್ಲಿನ ಚಕ್ರ ಎರಡೂ ನೇರ ಇಲ್ಲದಿದ್ರೆ ಚೈನು ಸವೆದು ಕಳಚಿಕೊಳ್ಳುತ್ತೆ. ಚಕ್ರದ ರಾಡು ದಪ್ಪ ಬೇರೆಯಾದ್ರೆ ತೂತು ಕೊರೀತಾರೆ, ಇಲ್ಲ ಉಜ್ಜಿ ಸರಿಮಾಡ್ತಾರೆ. ಬ್ರೇಕು ಹೊಂದದಿದ್ರೆ ಅದಕ್ಕೂ ಒಂದು ಜೋಡಣೆ. ಹಳೇ ರಿಮ್ಮಿಗೇ ಅಗಲದ ಟೈರು ಹಾಕಿದ್ರೆ ಟೈರು ಹಿಂಡಿದ ಹಾಗಾಗಿ, ನೆಲಕ್ಕೆ ತಾಗೋ ಜಾಗ ನಡುವಲ್ಲಿ ಉಬ್ಬುತ್ತೆ, ತಿರುವಿನಲ್ಲಿ ಹಿಡಿತ ಸಿಗಲ್ಲ. ಇಷ್ಟೆಲ್ಲಾ ಆದ ಮೇಲೂ ಜಾಗ ಸಾಲದಿದ್ರೆ ಮೊದಲು ಬಿಚ್ಚೋದು ಏನನ್ನ? ಮಡ್ಗಾರ್ಡು, ಚೈನ್ ಕವರು, ಸೀರೆ ಗಾರ್ಡು. ಬೈಕು ಓಡಿಸೋನಿಗೆ ಅವು ಬೇಕಿಲ್ಲ, ಹಿಂದೆ ಕೂರೋರಿಗೆ ಬೇಕು.

ಕಾನೂನೂ ಈಗ ಬಿಗಿಯಾಗಿದೆ. ಕಂಪನಿ ಮಾಡಿದ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಕೇರಳದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳ್ತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲ 6 ತಿಂಗಳವರೆಗೆ ಜೈಲು, ಇಲ್ಲ ಎರಡೂ ಅಂತ ಬಂತು. ಅಪಘಾತವಾದ ದಿನ ಇನ್ಶೂರೆನ್ಸಿನೋರು ಇದನ್ನೇ ಹಿಡ್ಕೊಂಡು ಪ್ರಶ್ನೆ ಮಾಡಬಹುದು.

ಹಾಗಂತ ಹುಡುಗರ ಆಸೆಗೆ ಬಯ್ಯೋದು ಬೇಡ ಕಣ್ರೀ. ಬೈಕು ಚೆನ್ನಾಗಿ ಕಾಣಲಿ ಅನ್ನೋದು ತಪ್ಪಲ್ಲ. ಟೈರು ಸವೆದಿದ್ರೆ ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಅಳತೆಯದ್ದೇ ಒಳ್ಳೇ ಟೈರು ಹಾಕಿಸಿ, ಅರ್ಧ ಹಿಡಿತ ಅಲ್ಲೇ ಬರುತ್ತೆ. ಗಾಳಿ ವಾರಕ್ಕೊಂದು ಸಲ ನೋಡಿಸಿ. ದಪ್ಪ ಚಕ್ರವೇ ಬೇಕು ಅಂದ್ರೆ ದುಡ್ಡು ಕೂಡಿಟ್ಟು, ಕಂಪನಿಯೇ ದಪ್ಪ ಚಕ್ರ ಕೊಟ್ಟಿರೋ ಬೈಕು ತಗೊಳ್ಳಲಿ.

ಗ್ಯಾರೇಜಿಂದ ಬೈಕು ಮನೆಗೆ ಬಂದಾಗ ನಾವೇ ಒಂದು ಸುತ್ತು ಬಂದು ನೋಡೋಣ. ಸೀರೆ ಗಾರ್ಡು ಇದೆಯಾ? ಚೈನ್ ಕವರು ಇದೆಯಾ? ಹಿಡ್ಕೊಳ್ಳೋ ಹಿಡಿ, ಕಾಲಿಡೋ ಜಾಗ ಗಟ್ಟಿಯಾಗಿದೆಯಾ? ಒಂದು ಇಲ್ಲದಿದ್ರೂ ಅವತ್ತು ಬೇಲೂರಿಗೆ ಬಸ್ಸಿದೆ, ಅರಸೀಕೆರೆಗೆ ರೈಲೂ ಇದೆ. ಅದನ್ನ ವಾಪಸ್ ಹಾಕಿಸೋವರೆಗೂ ಹಿಂದಿನ ಸೀಟು ಖಾಲಿ ಇರಲಿ.