ರಾತ್ರಿಯ ಎರೆ: ಫ್ಲಾರಿಡಾ ಜಲಸಂಧಿಯ ಕತ್ತಿಮೀನು ಬೇಟೆಯಲ್ಲಿ ಜೀವಂತ ಕಿರುಮೀನಿನ ಸ್ಥಾನ

ಮತ್ಸ್ಯೋದ್ಯಮದ ಇತಿಹಾಸವನ್ನು ಬರೆಯುವವರ ದೃಷ್ಟಿ ಸಾಮಾನ್ಯವಾಗಿ ದೊಡ್ಡ ಮೀನಿನ ಮೇಲೆಯೇ ನೆಲೆಸಿರುತ್ತದೆ. ಅದರ ತೂಕವೆಷ್ಟು, ಯಾವ ಬಂದರಿನಲ್ಲಿ ಎಷ್ಟು ಮೀನು ಇಳಿಯಿತು ಎಂಬ ಲೆಕ್ಕಗಳು ದಫ್ತರಗಳಲ್ಲಿ ಉಳಿದುಬರುತ್ತವೆ. ಆ ದೊಡ್ಡ ಮೀನನ್ನು ಸೆಳೆಯುವುದಕ್ಕಾಗಿ ಕತ್ತಲಲ್ಲಿ ಹಿಡಿದು, ಉಸಿರು ಹೋಗದಂತೆ ಕಾಪಾಡಿ, ಆಳ ಕಡಲಿಗೆ ಒಯ್ದ ಕಿರುಮೀನಿನ ವಿಷಯವಾದರೋ ಅಂಥ ಲೆಕ್ಕಗಳಲ್ಲಿ ಅಪರೂಪ. ಅಮೆರಿಕದ ಫ್ಲಾರಿಡಾ ಜಲಸಂಧಿಯಲ್ಲಿ ನಡೆದ ಕತ್ತಿಮೀನಿನ ರಾತ್ರಿಬೇಟೆಯನ್ನು ಉದಾಹರಣೆಯಾಗಿ ತೆಗೆದುಕೊಂಡು, ಈ ಎರೆಯ ಕಸುಬು ಹೇಗೆ ರೂಪುಗೊಂಡಿತು, ಅದರಿಂದ ನಾವು ಅರಿಯಬೇಕಾದುದೇನು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಕತ್ತಿಮೀನಿನ ಬೇಟೆ ಅತಿ ಪುರಾತನವಾದುದು. ಆದರೆ ಅದರಲ್ಲಿ ಎರೆಗೆ ಸ್ಥಾನ ದೊರೆತದ್ದು ಬಹುಕಾಲದ ಮೇಲೆ. ಕ್ರಿಸ್ತಪೂರ್ವ 2ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್, ಇಟಲಿ ಮತ್ತು ಸಿಸಿಲಿಗಳ ನಡುವಣ ಕಡಲಿನಲ್ಲಿ ನಡೆಯುತ್ತಿದ್ದ ಈ ಬೇಟೆಯನ್ನು ವರ್ಣಿಸಿದ್ದನು. ಆ ವರ್ಣನೆ ಸ್ಟ್ರೇಬೊನ ಭೂಗೋಳಗ್ರಂಥದಲ್ಲಿ ಉಳಿದುಬಂದಿದೆ. ಎತ್ತರದಲ್ಲಿ ನಿಂತ ಕಾವಲುಗಾರನೊಬ್ಬ ಮೀನಿನ ಸುಳಿವು ಕೊಡುವನು. ಪ್ರತಿ ದೋಣಿಯಲ್ಲಿ ಇಬ್ಬರು, ಒಬ್ಬನು ಹುಟ್ಟು ಹಾಕಿದರೆ ಇನ್ನೊಬ್ಬನು ಈಟಿ ಹಿಡಿದು ಮುಂದೆ ನಿಲ್ಲುವನು. ಇದು ಕಣ್ಣಿನ ಬೇಟೆ. ಮೀನು ಮೇಲೆ ಬಂದು ಕಾಣಿಸಿಕೊಂಡರೆ ಮಾತ್ರ ಫಲ. 1913ರಲ್ಲಿ ವಿಲಿಯಂ ಬೋಶನ್ ಎಂಬಾತ ಕ್ಯಾಲಿಫೋರ್ನಿಯಾದ ಕ್ಯಾಟಲೀನಾ ದ್ವೀಪದ ಬಳಿ ಮೊಟ್ಟಮೊದಲಿಗೆ ಗಾಳದ ಕೋಲಿನಿಂದ ಕತ್ತಿಮೀನನ್ನು ಹಿಡಿದನು. ಹಗಲಿನಲ್ಲಿ ನೀರಿನ ಮೇಲ್ಮೈಯಲ್ಲಿ ಕಂಡ ಮೀನಿನ ಎದುರಿಗೆ ಎರೆಯನ್ನು ಒಯ್ಯುವುದೇ ಅಲ್ಲಿನ ಪದ್ಧತಿಯಾದುದರಿಂದ, ಗಾಳ ಬಂದ ಬಳಿಕವೂ ಬೇಟೆ ಕಣ್ಣನ್ನೇ ಅವಲಂಬಿಸಿತ್ತು.

ಕಾಣದ ಮೀನನ್ನು ಹಿಡಿಯಬೇಕಾದರೆ ಅದರ ದಿನಚರಿ ತಿಳಿದಿರಬೇಕು. 1942ರಲ್ಲಿ, ಎರಡನೆಯ ಮಹಾಯುದ್ಧದ ಸಮಯದಲ್ಲಿ, ಜಲಾಂತರ್ಗಾಮಿಗಳ ಶೋಧಕ್ಕಾಗಿ ಶಬ್ದತರಂಗಗಳ ಪ್ರಯೋಗ ನಡೆಸುತ್ತಿದ್ದ ಅಮೆರಿಕದ ವಿಜ್ಞಾನಿಗಳಿಗೆ ಕಡಲಿನ ನಡು ಆಳದಲ್ಲಿ ಸುಳ್ಳುತಳದಂತೆ ತೋರುವ ಒಂದು ಪದರ ಗೋಚರಿಸಿತು. ಅದು ಹಗಲು ಕೆಳಗಿಳಿದು ಇರುಳು ಮೇಲೇರುವ ಜೀವಿಗಳ ರಾಶಿಯೆಂಬುದು ಮುಂದೆ ಸ್ಪಷ್ಟವಾಯಿತು. ಕತ್ತಿಮೀನು ಕೂಡ ಹೀಗೆಯೇ ಹಗಲು ನೂರಾರು ಮೀಟರ್ ಆಳದಲ್ಲಿದ್ದು ರಾತ್ರಿ ಮೇಲ್ಮೈಯ ಸಮೀಪಕ್ಕೆ ಬರುವುದೆಂಬುದನ್ನು ಫ್ರಾಂಕ್ ಕೇರಿ ಮತ್ತು ಬ್ರೂಸ್ ರಾಬಿಸನ್ 1981ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. ಮರುವರ್ಷವೇ ಕೇರಿ, ಈ ಮೀನಿನ ಕಣ್ಣು ಮತ್ತು ಮಿದುಳುಗಳನ್ನು ಬಿಸಿಯಾಗಿಡುವ ಅಂಗವೊಂದನ್ನು ವರ್ಣಿಸಿದರು. ಕಣ್ಣು ಬೆಚ್ಚಗಿರುವುದರಿಂದ ತಣ್ಣೀರಿನಲ್ಲಿಯೂ ಚಲಿಸುವ ಬೇಟೆಯನ್ನು ಅದು ಚೆನ್ನಾಗಿ ಗುರುತಿಸಬಲ್ಲದೆಂದು 2005ರ ಸಂಶೋಧನೆಯೊಂದು ಸ್ಥಾಪಿಸಿತು. ಚಲನೆಯನ್ನು ಇಷ್ಟು ಸೂಕ್ಷ್ಮವಾಗಿ ಕಾಣುವ ಮೀನಿಗೆ ಬದುಕಿರುವ ಎರೆಯೇ ಹೆಚ್ಚು ಆಕರ್ಷಕವಾದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಮೀನುಗಾರರು ಪ್ರಯೋಗಶಾಲೆಗಾಗಿ ಕಾದು ಕುಳಿತಿರಲಿಲ್ಲ. 1970ರ ದಶಕದಲ್ಲಿಯೇ, ಕ್ಯೂಬಾ ಮೂಲದ ಮೀನುಗಾರರು ಮಯಾಮಿಯ ಹೊರಗಡಲಿನಲ್ಲಿ ರಾತ್ರಿಯ ವೇಳೆ ಉದ್ದಹುರಿಯ ಗಾಳಗಳಿಂದ ಕತ್ತಿಮೀನು ಹಿಡಿಯುತ್ತಿದ್ದರು. ಅದನ್ನು ಕಂಡ ಹವ್ಯಾಸಿಗಳೂ ರಾತ್ರಿಬೇಟೆಗೆ ಇಳಿದರು. ಅಲ್ಲಿ ಗಲ್ಫ್ ಪ್ರವಾಹವು ದಡಕ್ಕೆ ಬಹು ಸಮೀಪದಲ್ಲಿ ಹರಿಯುವುದರಿಂದ, ಸಣ್ಣ ದೋಣಿಯವರೂ ಸಂಜೆ ಹೊರಟು ಆಳದ ನೀರನ್ನು ಮುಟ್ಟಬಲ್ಲರು.

ಇಂಥ ಯಾತ್ರೆಯ ಮೊದಲ ಕೆಲಸವೇ ಎರೆಯ ಸಂಗ್ರಹ. ಅಲ್ಲಿ ಹೆಚ್ಚಿನ ಬೆಲೆಯುಳ್ಳ ಎರೆಗಳಲ್ಲೊಂದು ದೊಡ್ಡಗಣ್ಣಿನ ಒಂದು ಮೀನು. ಶಾಸ್ತ್ರೀಯ ನಾಮ ಸೆಲಾರ್ ಕ್ರುಮೆನಾಫ್ತಾಲ್ಮಸ್. 1793ರಲ್ಲಿ ಬ್ಲಾಖ್ ಇಟ್ಟ ಆ ಹೆಸರಿಗೆ 'ಚೀಲದಂಥ ಕಣ್ಣುಳ್ಳದ್ದು' ಎಂದರ್ಥ. ಇದು ಉಷ್ಣವಲಯದ ಕಡಲುಗಳಲ್ಲೆಲ್ಲ ಇರುವ ಜಾತಿ; ನಮ್ಮ ಅರಬ್ಬೀ ಸಮುದ್ರದಲ್ಲಿಯೂ ಉಂಟು. ಇರುಳಿನಲ್ಲಿ ಮೇಯುವುದು ಇದರ ಸ್ವಭಾವವಾದುದರಿಂದ, ಮುಳುಗಿದ ಹಡಗುಗಳ ಮೇಲೂ ತೇಲುಗುರುತುಗಳ ಸುತ್ತಲೂ ರಾತ್ರಿಯಲ್ಲಿಯೋ ಬೆಳಗಿನ ಜಾವಕ್ಕೆ ಮುನ್ನವೋ ಇದನ್ನು ಅರಸುತ್ತಾರೆ. ದೋಣಿಯಿಂದ ದೀಪ ಬಿಟ್ಟರೆ ಬೆಳಕಿಗೆ ಸೂಕ್ಷ್ಮಜೀವಿಗಳು ಮುತ್ತುತ್ತವೆ. ಅವುಗಳ ಹಿಂದೆ ಕಿರುಮೀನುಗಳು ಬರುತ್ತವೆ. ಹಿಡಿಯುವ ಸಾಧನ 'ಸಬಿಕಿ' ಎಂಬ ಜಪಾನೀ ಗಾಳ: ಒಂದೇ ಹುರಿಗೆ ಆರೆಂಟು ಪುಟ್ಟ ಕೊಕ್ಕೆಗಳು, ಒಂದೊಂದಕ್ಕೂ ಮೀನಿನ ತೊಗಲಿನ ಅಥವಾ ಗರಿಯ ತುಣುಕು. ಕೆಲವು ಜಾತಿಗಳಿಗೆ ಬೀಸುಬಲೆಯನ್ನೂ ಬಳಸುವುದುಂಟು.

ಹಿಡಿಯುವುದಕ್ಕಿಂತ ಉಳಿಸಿಕೊಳ್ಳುವುದು ಕಠಿನ. ಮೈಮೇಲಿನ ಲೋಳೆ ಅಳಿಸಿದರೆ ಮೀನು ಬಾಳದು. ಆದುದರಿಂದ ಕೈ ಸೋಕಿಸದೆ ಕೊಕ್ಕೆಯಿಂದ ಬಿಡಿಸಬೇಕು. ತೊಟ್ಟಿಯಲ್ಲಿ ಮೂಲೆಗಳಿದ್ದರೆ ಮೀನು ಅಲ್ಲಿ ತಲೆ ಬಡಿದುಕೊಳ್ಳುತ್ತದೆ. ಆದುದರಿಂದ ದುಂಡಗಿನ ತೊಟ್ಟಿ ಬೇಕು, ಅದರಲ್ಲಿ ಹೊಸ ಕಡಲನೀರು ಸದಾ ಹರಿಯುತ್ತಿರಬೇಕು. ಜೀವಂತ ಮೀನನ್ನು ಸಾಗಿಸುವ ವಿದ್ಯೆ ಈ ಜಲಸಂಧಿಗೆ ಹೊಸದೇನಲ್ಲವೆಂಬುದು ಗಮನಾರ್ಹ. 19ನೆಯ ಶತಮಾನದಲ್ಲಿ ಕೀ ವೆಸ್ಟ್‌ನ ಹಾಯಿದೋಣಿಗಳು ತಮ್ಮ ಒಡಲಿನಲ್ಲಿ ರಂಧ್ರಗಳುಳ್ಳ ಕೋಣೆಯೊಂದನ್ನು ಇರಿಸಿಕೊಂಡು, ಅದರೊಳಗೆ ತಾನಾಗಿ ಆಡುವ ಕಡಲನೀರಿನಲ್ಲಿ ಮೀನುಗಳನ್ನು ಬದುಕಿಸಿ ಹವಾನಾದ ಪೇಟೆಗೆ ಮುಟ್ಟಿಸುತ್ತಿದ್ದವು. ಅಂದು ಊಟದ ಮೀನಿಗೆ ಸಂದ ಆರೈಕೆ ಮುಂದೆ ಎರೆಯ ಮೀನಿಗೂ ಸಂದಿತು.

ಈ ಕುಶಲತೆಯೊಂದರಿಂದಲೇ ಬೇಟೆ ಉಳಿಯಲಿಲ್ಲವೆಂಬುದು ಇತಿಹಾಸದ ಮುಖ್ಯ ಪಾಠ. ಉದ್ದಹುರಿಯ ಗಾಳಗಳು ಮೈಲಿಗಟ್ಟಲೆ ಹಬ್ಬಿ, ಇನ್ನೂ ಮೊಟ್ಟೆಯಿಡದ ಮರಿಗಳನ್ನೂ ಎಳೆದುವು. ಜಲಸಂಧಿಯಲ್ಲಿ ಮೀನು ವಿರಳವಾಯಿತು. ಎರೆಯೆಷ್ಟೇ ಚುರುಕಾಗಿದ್ದರೂ ಅದನ್ನು ನುಂಗುವ ಮೀನೇ ಇಲ್ಲದ ಮೇಲೆ ಪ್ರಯೋಜನವೇನು? 1999ರಲ್ಲಿ ಅಟ್ಲಾಂಟಿಕ್ ಟ್ಯೂನಾ ಸಂರಕ್ಷಣೆಯ ಅಂತರರಾಷ್ಟ್ರೀಯ ಆಯೋಗವು ಉತ್ತರ ಅಟ್ಲಾಂಟಿಕ್‌ನ ಕತ್ತಿಮೀನಿಗೆ ಹತ್ತು ವರ್ಷಗಳ ಪುನಶ್ಚೇತನ ಯೋಜನೆಯನ್ನು ಅಂಗೀಕರಿಸಿತು. 2001ರಲ್ಲಿ ಅಮೆರಿಕ ಸರ್ಕಾರ ಫ್ಲಾರಿಡಾದ ಪೂರ್ವ ತೀರವನ್ನು ಉದ್ದಹುರಿಗೆ ಮುಚ್ಚಿತು. 2009ರಲ್ಲಿ ಸಂತತಿ ಚೇತರಿಸಿಕೊಂಡಿತೆಂದು ಆಯೋಗದ ವಿಜ್ಞಾನಿಗಳು ನಿರ್ಣಯಿಸಿದರು. ಈ ನಡುವೆ 2003ರ ಸುಮಾರಿಗೆ, ಭಾರವಾದ ತೂಕಗಳನ್ನು ಕಟ್ಟಿ ಹಗಲಿನಲ್ಲಿಯೇ ಕಡಲತಳದವರೆಗೆ ಸತ್ತ ಎರೆಯನ್ನು ಇಳಿಸುವ ಪದ್ಧತಿ ಅಲ್ಲಿ ಪ್ರಚಾರಕ್ಕೆ ಬಂದಿತು. ಜೀವಂತ ಎರೆಯ ರಾತ್ರಿಬೇಟೆಯೊಂದೇ ಮಾರ್ಗವೆಂಬ ನಂಬಿಕೆ ಅಲ್ಲಿಗೆ ಸಡಿಲಿತು.

ನಮ್ಮ ಕರಾವಳಿಯ ವಿದ್ಯಾರ್ಥಿಗಳಿಗೆ ಈ ವಿಚಾರ ದೂರದ್ದಲ್ಲ. ಪ್ರಬಲವಾದ ವಿದ್ಯುದ್ದೀಪಗಳಿಂದ ಮೀನಿನ ತಂಡಗಳನ್ನೇ ಒಟ್ಟುಗೂಡಿಸಿ ಬಳಿಯುವ ಪದ್ಧತಿ ಕರ್ನಾಟಕದ ಸಾಂಪ್ರದಾಯಿಕ ಮೀನುಗಾರರ ತೀವ್ರ ವಿರೋಧಕ್ಕೆ ಗುರಿಯಾಯಿತು. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಭಾರತದ ವಿಶೇಷ ಆರ್ಥಿಕ ವಲಯದಲ್ಲಿ ಅದನ್ನು ನಿಷೇಧಿಸಿತು. ಮೀನು ಬೆಳಕಿಗೆ ಬರುವ ಗುಣ ಎರಡು ಕಡೆಗೂ ಒಂದೇ. ಒಂದು ತೊಟ್ಟಿ ತುಂಬುವಷ್ಟು ಎರೆಗಾಗಿ ಹಚ್ಚಿದ ದೀಪವೂ ಬಲೆಗಟ್ಟಲೆ ಬಾಚುವುದಕ್ಕಾಗಿ ಹಚ್ಚಿದ ದೀಪವೂ ಬೇರೆಯಾಗುವುದು ಪ್ರಮಾಣದಿಂದ. ಆ ಪ್ರಮಾಣವನ್ನು ನಿರ್ಧರಿಸುವುದು ಸಮಾಜ ತನಗೆ ತಾನೇ ಹಾಕಿಕೊಳ್ಳುವ ಕಟ್ಟುಪಾಡು. ಕಿರುಮೀನಿನ ಲೆಕ್ಕವನ್ನೂ ಇಡುವ ಇತಿಹಾಸವೇ ಅಂಥ ಕಟ್ಟುಪಾಡಿಗೆ ಆಧಾರವಾಗಬಲ್ಲದು.