ಶಿಕಾಗೊಗೆ ಮೊದಲ ಸಲ ಹೊರಟಿದ್ದೀರಾ? ಜೇಬಿಗೆ ಭಾರವಾಗದಂತೆ ಸರೋವರದ ಊರು ನೋಡುವುದು ಹೀಗೆ

ಅಮೆರಿಕ ಪ್ರವಾಸ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರೋದು ನ್ಯೂಯಾರ್ಕ್ ಮತ್ತು ನಯಾಗರ. ಆದರೆ ಇಲಿನಾಯ್, ಇಂಡಿಯಾನಾ, ವಿಸ್ಕಾನ್ಸಿನ್ ಕಡೆಯ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ಮಕ್ಕಳನ್ನು ನೋಡಲು ಹೋಗುವ ನಮ್ಮ ಭಾಗದ ಅಪ್ಪ–ಅಮ್ಮಂದಿರಲ್ಲಿ ಹೆಚ್ಚಿನವರು ಮೊದಲು ಇಳಿಯುವುದು ಶಿಕಾಗೊದಲ್ಲಿ. ಘಟಿಕೋತ್ಸವಕ್ಕೆಂದು ಹೋದವರು ಮೂರ್ನಾಲ್ಕು ದಿನ ಊರು ನೋಡೋಣ ಅಂದುಕೊಳ್ಳುವ ಹೊತ್ತಿಗೆ ವೀಸಾ, ವಿಮಾನದ ಟಿಕೆಟ್‌ಗೇ ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಕರಗಿರುತ್ತದೆ. ಅಂಥವರಿಗೆ ಸಮಾಧಾನದ ಸಂಗತಿ ಎಂದರೆ, ಶಿಕಾಗೊದಲ್ಲಿ ನೋಡಲೇಬೇಕಾದ ಅರ್ಧಕ್ಕಿಂತ ಹೆಚ್ಚು ಜಾಗಗಳಿಗೆ ಟಿಕೆಟ್ಟೇ ಇಲ್ಲ. ಗೊತ್ತಿಲ್ಲದೆ ಹೋದವರು ಮಾತ್ರ ಮೊದಲ ದಿನವೇ ಟ್ಯಾಕ್ಸಿ ಮತ್ತು ಹೋಟೆಲ್ ತೆರಿಗೆಯಲ್ಲಿ ಕೈ ಸುಟ್ಟುಕೊಳ್ಳುತ್ತಾರೆ.

ಯಾವಾಗ ಹೋಗಬೇಕು?

ಮೇ ಕೊನೆಯಿಂದ ಜೂನ್, ಮತ್ತೆ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಹವೆ ಹಿತ. ಜುಲೈನಲ್ಲಿ ಮಧ್ಯಾಹ್ನ 28–29 ಡಿಗ್ರಿ ಇರುತ್ತದೆ, ನಮ್ಮವರಿಗೆ ಅದೇನೂ ಬಿಸಿಲಲ್ಲ. ಕಷ್ಟವಿರುವುದು ಚಳಿಗಾಲದಲ್ಲಿ. ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿರುವುದು ಸಾಮಾನ್ಯ, ಅದರ ಮೇಲೆ ಸರೋವರದ ಗಾಳಿ ಬೇರೆ. ಜನವರಿ–ಫೆಬ್ರುವರಿಯಲ್ಲಿ ಹೋಟೆಲ್ ಬಾಡಿಗೆ ಅಗ್ಗ ಎಂಬುದು ನಿಜ. ಆದರೆ ದಪ್ಪ ಜಾಕೆಟ್, ಬೂಟು, ಕೈಗವಸು ಕೊಳ್ಳುವಷ್ಟರಲ್ಲಿ ಆ ಉಳಿತಾಯವೆಲ್ಲ ಮಾಯ. ಮೊಣಕಾಲು ನೋವಿರುವ ಹಿರಿಯರಿಗಂತೂ ಹಿಮದ ಮೇಲೆ ನಡೆಯುವುದು ಅಪಾಯ.

ಬೇಸಿಗೆಯಲ್ಲೂ ಎರಡು ಅವಧಿ ಬಿಟ್ಟರೆ ಒಳ್ಳೆಯದು. ಜುಲೈ ಕೊನೆ–ಆಗಸ್ಟ್ ಆರಂಭದ ಲೊಲ್ಲಾಪಲೂಜಾ ಸಂಗೀತೋತ್ಸವ ಮತ್ತು ಅಕ್ಟೋಬರ್ ಎರಡನೇ ಭಾನುವಾರ ನಡೆಯುವ ಮ್ಯಾರಥಾನ್ ವೇಳೆ ರೂಮಿನ ದರ ಗಗನಕ್ಕೇರಿರುತ್ತದೆ.

ಹೊರಡುವ ಮುನ್ನ

ಪ್ರವಾಸಿ ವೀಸಾದ ಅರ್ಜಿ ಶುಲ್ಕ 2023ರಿಂದ 185 ಡಾಲರ್. 2025ರಲ್ಲಿ ಅಮೆರಿಕ ಹೊಸ ಹೆಚ್ಚುವರಿ ಶುಲ್ಕಕ್ಕೂ ಕಾನೂನು ಮಾಡಿದೆ. ಹಾಗಾಗಿ ಏಜೆಂಟ್ ಹೇಳಿದ ಲೆಕ್ಕ ನಂಬುವ ಬದಲು, ಅರ್ಜಿ ಹಾಕುವ ದಿನ ಅಧಿಕೃತ ಪುಟದಲ್ಲೇ ಮೊತ್ತ ನೋಡಿಕೊಳ್ಳಬೇಕು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಆಗ ವೀಸಾ ಸೇವೆ ಶುರುವಾಗಿರಲಿಲ್ಲ. ಚೆನ್ನೈ ಅಥವಾ ಹೈದರಾಬಾದಿಗೆ ಹೋಗಿಬರುವ ಖರ್ಚನ್ನೂ ಬಜೆಟ್‌ನಲ್ಲಿ ಸೇರಿಸಿಕೊಂಡೇ ಯೋಜನೆ ಹಾಕುವುದು ಕ್ಷೇಮ.

ಬೆಂಗಳೂರಿನಿಂದ ಕೊಲ್ಲಿ ದೇಶಗಳ ಮೂಲಕ ಒಂದೇ ಕಡೆ ವಿಮಾನ ಬದಲಿಸಿ ಶಿಕಾಗೊ ತಲುಪಬಹುದು. ಅಬುಧಾಬಿ ಮೂಲಕ ಹೋದರೆ ಅಮೆರಿಕದ ಇಮಿಗ್ರೇಷನ್ ತಪಾಸಣೆ ಅಲ್ಲೇ ಮುಗಿಯುತ್ತದೆ, ಶಿಕಾಗೊದಲ್ಲಿ ಸಾಲಿನಲ್ಲಿ ನಿಲ್ಲುವ ಗೋಜಿಲ್ಲ. ಇಂಗ್ಲಿಷ್ ಅಷ್ಟಾಗಿ ಬರದ ಹಿರಿಯರು ಟಿಕೆಟ್ ಬುಕ್ ಮಾಡುವಾಗಲೇ ವೀಲ್‌ಚೇರ್ ಸಹಾಯ ಕೇಳಿಕೊಂಡರೆ, ವಿಮಾನ ಬದಲಿಸುವ ಕಡೆ ಸಿಬ್ಬಂದಿಯೇ ಕರೆದೊಯ್ಯುತ್ತಾರೆ. ಇದಕ್ಕೆ ಪ್ರತ್ಯೇಕ ದುಡ್ಡಿಲ್ಲ.

ಬ್ಯಾಗಿನಲ್ಲಿ ಏನಿದೆ ಎಂಬುದೂ ಮುಖ್ಯ. ಚಟ್ನಿಪುಡಿ, ಸಾಂಬಾರ್ ಪುಡಿ, ಚಕ್ಕುಲಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೆ ಆಹಾರ ಪದಾರ್ಥ ಇದೆ ಎಂದು ಹೇಳಲೇಬೇಕು. ಕರಿಬೇವಿನ ಸೊಪ್ಪು ಮಾತ್ರ ಬೇಡವೇ ಬೇಡ. ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ಹರಡುವ ಭಯದಿಂದ ಅಮೆರಿಕ ಅದನ್ನು ಒಳಗೆ ಬಿಡುವುದಿಲ್ಲ. ಮಗಳಿಗೆ ಇಷ್ಟ ಅಂತ ಕದ್ದು ಒಯ್ದು ದಂಡ ಕಟ್ಟುವುದಕ್ಕಿಂತ ಅಲ್ಲೇ ಕೊಂಡರಾಯಿತು.

ಉಳಿದದ್ದು ಯಾವುದನ್ನು ಬಿಟ್ಟರೂ ಆರೋಗ್ಯ ವಿಮೆ ಬಿಡಬಾರದು. ಅಲ್ಲಿ ಒಂದು ರಾತ್ರಿ ಆಸ್ಪತ್ರೆ ಸೇರಿದರೆ ಬರುವ ಬಿಲ್ಲು ಇಡೀ ಪ್ರವಾಸದ ಖರ್ಚನ್ನು ಮೀರಿಸಬಲ್ಲದು. ಬಿಪಿ, ಸಕ್ಕರೆ ಕಾಯಿಲೆ ಇರುವವರು ಹಳೆಯ ಕಾಯಿಲೆಗೂ ರಕ್ಷಣೆ ಇದೆಯೇ ಎಂದು ಪಾಲಿಸಿಯ ಸಣ್ಣ ಅಕ್ಷರಗಳನ್ನು ಮಕ್ಕಳ ಕೈಲಿ ಓದಿಸಿ ನೋಡಬೇಕು. ಮಾತ್ರೆಗಳನ್ನು ವೈದ್ಯರ ಚೀಟಿ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಟ್ಯಾಕ್ಸಿ ಬೇಡ, ರೈಲು ಸಾಕು

ಓಹೇರ್ ವಿಮಾನ ನಿಲ್ದಾಣ ನಗರದ ನಡುಭಾಗದಿಂದ ಸುಮಾರು 27 ಕಿ.ಮೀ. ದೂರ. ಟ್ಯಾಕ್ಸಿಗೆ 40–50 ಡಾಲರ್, ಟ್ರಾಫಿಕ್ ಇದ್ದರೆ ಇನ್ನೂ ಹೆಚ್ಚು. ಅದೇ ದಾರಿಗೆ ಬ್ಲೂ ಲೈನ್ ರೈಲಿನಲ್ಲಿ ಐದು ಡಾಲರ್ ಆಸುಪಾಸು ಸಾಕು, ಮುಕ್ಕಾಲು ಗಂಟೆಯ ಪ್ರಯಾಣ. ಈ ರೈಲು 24 ಗಂಟೆಯೂ ಓಡುತ್ತದೆ. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಹಲವು ಬರುವುದು ಐದನೇ ಟರ್ಮಿನಲ್‌ಗೆ. ಅಲ್ಲಿಂದ ನಿಲ್ದಾಣದೊಳಗಿನ ಉಚಿತ ರೈಲು ಹತ್ತಿ ಎರಡನೇ ಟರ್ಮಿನಲ್‌ಗೆ ಬಂದು, ಫಲಕ ನೋಡಿಕೊಂಡು ನಡೆದರೆ ಬ್ಲೂ ಲೈನ್ ಸಿಗುತ್ತದೆ. ಮಿಡ್‌ವೇ ಎಂಬ ಇನ್ನೊಂದು ವಿಮಾನ ನಿಲ್ದಾಣದಲ್ಲಿ ಇಳಿದವರಿಗೆ ಆರೆಂಜ್ ಲೈನ್ ಇದೆ.

ಸ್ಥಳೀಯರು ಈ ರೈಲನ್ನು 'ಎಲ್' ಎನ್ನುತ್ತಾರೆ. ನಡುನಗರದಲ್ಲಿ ಇದು ರಸ್ತೆಯ ಮೇಲೆ ಕಬ್ಬಿಣದ ಕಂಬಗಳ ಮೇಲೆ ಗಡಗಡ ಸದ್ದು ಮಾಡುತ್ತಾ ಉಂಗುರದಂತೆ ಸುತ್ತುತ್ತದೆ. ಆ ಭಾಗಕ್ಕೇ 'ಲೂಪ್' ಎಂದು ಹೆಸರು. ನಮ್ಮ ಮೆಟ್ರೊದಂತೆ ದೂರಕ್ಕೆ ತಕ್ಕ ದರ ಇಲ್ಲಿಲ್ಲ. ಒಮ್ಮೆ ಒಳಗೆ ಹೋದರೆ ಎಲ್ಲಿಗೆ ಹೋದರೂ ಎರಡೂವರೆ–ಮೂರು ಡಾಲರ್ ಒಳಗೆ. ಹೊರಬರುವಾಗ ಕಾರ್ಡ್ ತೋರಿಸುವುದೂ ಬೇಕಿಲ್ಲ.

ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಹತ್ತಿಳಿಯುವವರಿಗೆ ಪಾಸ್ ಲಾಭ. ಒಂದು ದಿನದ ಪಾಸ್ ಐದಾರು ಡಾಲರ್, ವಾರದ ಪಾಸ್ 20–25 ಡಾಲರ್. ಬಸ್ಸು, ರೈಲು ಎರಡಕ್ಕೂ ನಡೆಯುತ್ತದೆ, ಓಹೇರ್‌ನಿಂದ ಬರುವಾಗಲೂ ಬಳಸಬಹುದು. ಒಬ್ಬರಿಗೆ ಒಂದು ಪಾಸ್. ಒಂದನ್ನೇ ತೋರಿಸಿ ಗಂಡ–ಹೆಂಡತಿ ಇಬ್ಬರೂ ಹೋಗುವಂತಿಲ್ಲ. ಏಳು ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜತೆ ಉಚಿತ. ರಾತ್ರಿ ತಡವಾಗಿ ಖಾಲಿ ಬೋಗಿ ಹತ್ತುವ ಬದಲು ಜನ ಇರುವ ಬೋಗಿ ಹತ್ತುವುದು, ಬಾಗಿಲ ಪಕ್ಕ ನಿಂತು ಮೊಬೈಲ್ ನೋಡದಿರುವುದು ಅಲ್ಲಿನವರೂ ಪಾಲಿಸುವ ಎಚ್ಚರಿಕೆ.

ಉಳಿಯುವುದೆಲ್ಲಿ?

ಬಜೆಟ್ ತಪ್ಪುವುದು ಇಲ್ಲೇ. ಅಂತರ್ಜಾಲದಲ್ಲಿ 150 ಡಾಲರ್ ಎಂದು ಕಾಣುವ ರೂಮಿಗೆ ಶೇ 17ಕ್ಕೂ ಹೆಚ್ಚು ತೆರಿಗೆ ಸೇರುತ್ತದೆ. ಕೆಲವು ಹೋಟೆಲ್‌ಗಳು ಸೌಲಭ್ಯ ಶುಲ್ಕವೆಂದು ಇನ್ನಷ್ಟು ಸೇರಿಸುತ್ತವೆ. ಕಾರು ಇದ್ದರೆ ರಾತ್ರಿ ಪಾರ್ಕಿಂಗ್‌ಗೇ ಐವತ್ತು ಡಾಲರ್ ಮೀರಬಹುದು. ಹಾಗಾಗಿ ಮಗ ಕಾರಿನಲ್ಲೇ ಕರೆತಂದರೂ ಅದನ್ನು ಹೊರವಲಯದ ರೈಲು ನಿಲ್ದಾಣದ ಬಳಿ ನಿಲ್ಲಿಸಿ ಬರುವುದು ಜಾಣತನ.

ಒಬ್ಬರೇ ಹೋಗುವವರಿಗೆ, ಗೆಳೆಯರ ಗುಂಪಿಗೆ ಲೂಪ್‌ನಲ್ಲೇ ಇರುವ ಎಚ್‌ಐ ಶಿಕಾಗೊ ಹಾಸ್ಟೆಲ್‌ನಂಥವು ಸರಿ. ಹಾಸಿಗೆಯ ಲೆಕ್ಕದಲ್ಲಿ ಬಾಡಿಗೆ, ಅಡುಗೆ ಮಾಡಿಕೊಳ್ಳಲು ಜಾಗವೂ ಉಂಟು. ವಯಸ್ಸಾದ ದಂಪತಿಗೆ ಹಾಸ್ಟೆಲ್ ಸೂಕ್ತವಲ್ಲ. ಓಹೇರ್ ಸಮೀಪದ ರೋಸ್‌ಮಾಂಟ್ ಕಡೆ, ಬ್ಲೂ ಲೈನ್‌ಗೆ ಹತ್ತಿರದ ಹೋಟೆಲ್‌ಗಳು ಲೂಪ್‌ಗಿಂತ ಸಾಮಾನ್ಯವಾಗಿ ಅಗ್ಗ.

ಟಿಕೆಟ್ ಇಲ್ಲದೆ ನೋಡುವಂಥದ್ದು

ಮೊದಲು ಸರೋವರ. ಮಿಶಿಗನ್ ಸರೋವರದ ವಿಸ್ತೀರ್ಣ ಸುಮಾರು 58 ಸಾವಿರ ಚದರ ಕಿ.ಮೀ., ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಆಚೆ ದಡ ಕಾಣುವುದಿಲ್ಲ, ಅಲೆ ಏಳುತ್ತದೆ, ಮರಳಿನ ತೀರವಿದೆ. ಮಲ್ಪೆಯಲ್ಲೋ ಕಾರವಾರದಲ್ಲೋ ನಿಂತಂತೆ ಅನಿಸುತ್ತದೆ. ಬಾಯಿಗೆ ಹಾಕಿಕೊಂಡರೆ ಮಾತ್ರ ಉಪ್ಪಿಲ್ಲ. ದಡದುದ್ದಕ್ಕೂ 18 ಮೈಲಿ, ಅಂದರೆ ಸುಮಾರು 29 ಕಿ.ಮೀ. ನಡೆಯುವ ದಾರಿ ಇದೆ. ನಾರ್ತ್ ಅವೆನ್ಯೂ, ಓಕ್ ಸ್ಟ್ರೀಟ್, ಮಾಂಟ್ರೋಸ್ ತೀರಗಳಿಗೆ ಪ್ರವೇಶ ಉಚಿತ. ಶಾಂತವಾಗಿದೆ ಎಂದು ನೀರಿಗಿಳಿಯುವುದು ತಪ್ಪು. ಇಲ್ಲೂ ಸೆಳೆತವಿದೆ, ಜೀವಗಳು ಹೋಗಿವೆ. ಬೇಸಿಗೆಯಲ್ಲಿ ಜೀವರಕ್ಷಕರು ಇರುವ ವೇಳೆ, ಅವರಿರುವ ಜಾಗದಲ್ಲಿ ಮಾತ್ರ ಇಳಿಯಬೇಕು. ಚಳಿಗಾಲದಲ್ಲಿ ದಡದ ಮಂಜುಗಡ್ಡೆಯ ಮೇಲೆ ಕಾಲಿಡಲೇಬಾರದು, ಕೆಳಗೆ ಟೊಳ್ಳಿರುತ್ತದೆ.

2004ರಲ್ಲಿ ತೆರೆದ ಮಿಲೇನಿಯಂ ಪಾರ್ಕ್‌ನಲ್ಲಿ ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಹೊಳೆಯುವ ಉಕ್ಕಿನ ಶಿಲ್ಪ 'ಕ್ಲೌಡ್ ಗೇಟ್' ಇದೆ. 168 ಉಕ್ಕಿನ ಹಾಳೆ ಬೆಸೆದು, ಬೆಸುಗೆಯ ಗೆರೆಯೇ ಕಾಣದಂತೆ ಉಜ್ಜಿದ್ದಾರೆ. ಕಾಳಿನ ಆಕಾರವಿರುವುದರಿಂದ ಊರವರು ಅದನ್ನು 'ಬೀನ್' ಎನ್ನುತ್ತಾರೆ. ನಮ್ಮವರಾದರೆ ಅವರೆಕಾಳು ಎನ್ನುತ್ತಿದ್ದರೇನೊ. ಮಾಡಿದವರು ಮುಂಬೈನಲ್ಲಿ ಹುಟ್ಟಿದ ಅನೀಶ್ ಕಪೂರ್. ಪಕ್ಕದ ಬಯಲು ರಂಗಮಂದಿರದಲ್ಲಿ ಬೇಸಿಗೆಯುದ್ದಕ್ಕೂ ಉಚಿತ ಸಂಗೀತ ಕಾರ್ಯಕ್ರಮ. ಚಿತ್ರಾನ್ನದ ಡಬ್ಬಿ ತಂದು ಹುಲ್ಲಿನ ಮೇಲೆ ಕೂತು ಕೇಳಬಹುದು.

ರಸ್ತೆ ದಾಟಿದರೆ ಶಿಕಾಗೊ ಕಲ್ಚರಲ್ ಸೆಂಟರ್. 1897ರಲ್ಲಿ ಗ್ರಂಥಾಲಯವಾಗಿ ಕಟ್ಟಿದ್ದು. ಒಳಗಿನ ಬಣ್ಣದ ಗಾಜಿನ ಗುಮ್ಮಟ ನೋಡಲು ಒಂದು ಪೈಸೆ ಬೇಡ, ಶೌಚಾಲಯವೂ ಉಚಿತ. ಹಿರಿಯರ ಜತೆ ತಿರುಗುವವರಿಗೆ ಇದು ಸಣ್ಣ ಸಂಗತಿಯಲ್ಲ. ಲಿಂಕನ್ ಪಾರ್ಕ್ ಮೃಗಾಲಯ 1868ರಷ್ಟು ಹಳೆಯದು, ವರ್ಷದ 365 ದಿನವೂ ಪ್ರವೇಶ ಉಚಿತ. ಲೂಪ್‌ನಿಂದ 151ನೇ ನಂಬರ್ ಬಸ್ ಹಿಡಿದರೆ ಆಯಿತು.

ವಿಲ್ಲೀಸ್ ಟವರ್‌ನ 103ನೇ ಮಹಡಿಗೆ ಹೋಗಲು ಒಬ್ಬರಿಗೆ 30 ಡಾಲರ್‌ಗೂ ಹೆಚ್ಚು. 110 ಅಂತಸ್ತಿನ ಆ ಕಟ್ಟಡದ ಎಂಜಿನಿಯರ್ ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರೆಹಮಾನ್ ಖಾನ್. ಮೇಲೆ ಹತ್ತಿದರೆ ಊರೆಲ್ಲ ಕಾಣುತ್ತದೆ, ಆದರೆ ಆ ಕಟ್ಟಡವೇ ಕಾಣುವುದಿಲ್ಲ! ಆಡ್ಲರ್ ಪ್ಲಾನೆಟೇರಿಯಂ ಎದುರಿನ ದಡಕ್ಕೆ ಸಂಜೆ ಹೋದರೆ ನೀರಿನಾಚೆ ಸಾಲುಗಟ್ಟಿದ ಗೋಪುರಗಳೆಲ್ಲ ದೀಪ ಹೊತ್ತಿಸಿಕೊಂಡು ನಿಂತಿರುತ್ತವೆ. ಆ ನೋಟಕ್ಕೆ ದುಡ್ಡಿಲ್ಲ. ಐದಾರು ಜಾಗಗಳ ಟಿಕೆಟ್ ಒಟ್ಟಿಗೆ ಸಿಗುವ ಪಾಸ್‌ಗಳೂ ಇವೆ. ನಿಜಕ್ಕೂ ಐದೂ ಕಡೆ ಹೋಗುವವರಿಗಷ್ಟೇ ಅವು ಲಾಭ.

ವಿವೇಕಾನಂದರು ನಿಂತ ಜಾಗ

ನಮ್ಮವರಲ್ಲಿ ಹೆಚ್ಚಿನವರು ಶಿಕಾಗೊ ಎಂಬ ಹೆಸರನ್ನು ಮೊದಲು ಕೇಳಿದ್ದು ಶಾಲೆಯ ಪಾಠದಲ್ಲಿ. 1892ರಲ್ಲಿ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ ಕಟ್ಟಡವೇ ಇಂದಿನ ಆರ್ಟ್ ಇನ್‌ಸ್ಟಿಟ್ಯೂಟ್. ಮಿಲೇನಿಯಂ ಪಾರ್ಕ್‌ನಿಂದ ಐದು ನಿಮಿಷದ ನಡಿಗೆ. ಬಾಗಿಲಲ್ಲಿ ಕೂತ ಎರಡು ಕಂಚಿನ ಸಿಂಹಗಳು 1894ರವು, ಅಂದರೆ ಸ್ವಾಮೀಜಿ ಭಾಷಣ ಮಾಡಿದ ದಿನ ಅವಿರಲಿಲ್ಲ. ಎದುರಿನ ಮಿಶಿಗನ್ ಅವೆನ್ಯೂದ ಒಂದು ಭಾಗಕ್ಕೆ ಗೌರವಾರ್ಥ ಸ್ವಾಮಿ ವಿವೇಕಾನಂದ ವೇ ಎಂಬ ಫಲಕವಿದೆ. ಅದನ್ನು ನೋಡಲು ಟಿಕೆಟ್ ಬೇಡ.

ಭಾಷಣ ನಡೆದ ಸಭಾಂಗಣ ಈಗ ಆ ರೂಪದಲ್ಲಿಲ್ಲ. ಆ ಜಾಗದ ಫುಲ್ಲರ್‌ಟನ್ ಹಾಲ್‌ನಲ್ಲಿ ಸ್ಮಾರಕ ಫಲಕವಿದೆ. ಮ್ಯೂಸಿಯಂ ಪ್ರವೇಶಕ್ಕೆ ಹೊರಗಿನವರಿಗೆ 30 ಡಾಲರ್ ಮೀರುತ್ತದೆ, ವಾರದಲ್ಲಿ ಕೆಲ ದಿನ ರಜೆ. ಅಷ್ಟು ಕೊಟ್ಟು ಒಳಹೋಗುವ ಮುನ್ನ ಹಾಲ್ ಆ ದಿನ ತೆರೆದಿದೆಯೇ ಎಂದು ಕೌಂಟರ್‌ನಲ್ಲಿ ಕೇಳುವುದು ಮರೆಯಬಾರದು. ಇಂಥ ಮ್ಯೂಸಿಯಂಗಳ 'ಉಚಿತ ದಿನ' ಎಂಬ ಜಾಹೀರಾತು ನೋಡಿ ಹಿಗ್ಗುವುದೂ ಬೇಡ. ಆ ಸೌಲಭ್ಯ ಸಾಮಾನ್ಯವಾಗಿ ಇಲಿನಾಯ್ ನಿವಾಸಿಗಳಿಗೆ ಮಾತ್ರ. ಅಲ್ಲೇ ವಾಸವಿರುವ ಮಗನಿಗೆ ಸಿಗುತ್ತದೆ, ಭಾರತದಿಂದ ಹೋದ ಅಪ್ಪನಿಗೆ ಸಿಗುವುದಿಲ್ಲ. ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ 14 ವರ್ಷದೊಳಗಿನವರಿಗೆ ಮಾತ್ರ ಊರು ಯಾವುದಾದರೂ ಉಚಿತ.

ಊಟ, ದಿನಸಿ

ಮೆನುವಿನಲ್ಲಿರುವ ಬೆಲೆಗೆ ತೆರಿಗೆ ಶೇ 10ಕ್ಕೂ ಹೆಚ್ಚು, ಕೂತು ತಿಂದರೆ ಟಿಪ್ಸ್ ಶೇ 15ರಿಂದ 20. ಹಾಗಾಗಿ 15 ಡಾಲರ್ ಊಟ ಏಳುವಾಗ 19–20 ಡಾಲರ್ ಆಗಿರುತ್ತದೆ. ಕೌಂಟರ್‌ನಲ್ಲಿ ಪಡೆದು ತಿನ್ನುವ ಕಡೆ ಟಿಪ್ಸ್ ಕಡ್ಡಾಯವಲ್ಲ. ಊರಿನ ಖ್ಯಾತ ಡೀಪ್ ಡಿಶ್ ಪಿಜ್ಜಾ ಬೇಯಲು ಮುಕ್ಕಾಲು ಗಂಟೆ ಬೇಕು. ಸಸ್ಯಾಹಾರಿಗಳಿಗೆ ಪಾಲಕ್, ಚೀಸ್ ಹಾಕಿದ್ದು ಸಿಗುತ್ತದೆ. ಎರಡು ತುಂಡಿಗೆ ಹೊಟ್ಟೆ ತುಂಬುವುದರಿಂದ ಇಬ್ಬರಿಗೆ ಚಿಕ್ಕದೊಂದು ಸಾಕು. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳಬೇಕಿಲ್ಲ.

ಎರಡನೇ ದಿನಕ್ಕೇ ಅನ್ನ–ಸಾರು ನೆನಪಾದವರು ನಗರದ ಉತ್ತರ ಭಾಗದ ಡೆವೊನ್ ಅವೆನ್ಯೂಗೆ ಹೋಗಬಹುದು. ರೆಡ್ ಲೈನ್‌ನಲ್ಲಿ ಲೊಯೊಲಾ ನಿಲ್ದಾಣಕ್ಕೆ ಬಂದು 155ನೇ ನಂಬರ್ ಬಸ್ ಹತ್ತಬೇಕು. ಸೀರೆ ಅಂಗಡಿ, ಚಿನ್ನದಂಗಡಿ, ದೋಸೆ ಸಿಗುವ ಹೋಟೆಲ್ ಎಲ್ಲ ಒಂದೇ ಬೀದಿಯಲ್ಲಿ. ಅಮೆರಿಕದಾದ್ಯಂತ ಹರಡಿರುವ ಪಟೇಲ್ ಬ್ರದರ್ಸ್ ದಿನಸಿ ಅಂಗಡಿ 1974ರಲ್ಲಿ ಶುರುವಾದದ್ದು ಇದೇ ಬೀದಿಯಲ್ಲಿ. ಅವಲಕ್ಕಿ, ರವೆ, ಮೊಸರು ಕೊಂಡಿಟ್ಟುಕೊಂಡರೆ ಬೆಳಗಿನ ತಿಂಡಿಯ ಖರ್ಚು ಉಳಿಯುತ್ತದೆ.

ಲೆಮಾಂಟ್‌ನ ರಾಮ ದೇವಸ್ಥಾನ, ಅರೋರಾದ ಬಾಲಾಜಿ ದೇವಸ್ಥಾನ ಎರಡೂ ಊರಾಚೆ ಇವೆ, ಸಿಟಿ ರೈಲಿನಲ್ಲಿ ಹೋಗಲಾಗದು. ಲೆಮಾಂಟ್‌ನಲ್ಲಿ ವಿವೇಕಾನಂದರ ಪ್ರತಿಮೆಯೂ ಇದೆ. ಪರಿಚಯದವರ ಕಾರಿದ್ದರೆ ಒಂದು ದಿನ ಅದಕ್ಕೇ ಇಡಬಹುದು. ಊರಿನ ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮ ಆ ವಾರ ಇದೆಯೇ ಎಂದು ಮೊದಲೇ ವಿಚಾರಿಸಿಟ್ಟರೆ ಕಾರಿನಲ್ಲಿ ಕರೆದೊಯ್ಯುವವರೂ ಸಿಕ್ಕಾರು.

ಒಟ್ಟು ಎಷ್ಟು?

ರೂಮಿನ ಬಾಡಿಗೆ ಬಿಟ್ಟು ಇಬ್ಬರಿಗೆ ನಾಲ್ಕು ದಿನಕ್ಕೆ ಸುಮಾರು ಲೆಕ್ಕ ಹೀಗಿದೆ: ಪಾಸ್‌ಗೆ 40–50 ಡಾಲರ್, ಬೆಳಗ್ಗೆ ಸ್ವಂತ ತಿಂಡಿ ಮಾಡಿಕೊಂಡರೆ ಊಟಕ್ಕೆ 200ರಿಂದ 240, ಒಂದು ಮ್ಯೂಸಿಯಂ ಅಥವಾ ನದಿಯ ದೋಣಿ ವಿಹಾರಕ್ಕೆ 70–110. ಕೈಯಲ್ಲಿ ನೂರು ಡಾಲರ್ ಚಿಲ್ಲರೆ ನೋಟು ಸಾಕು, ಉಳಿದದ್ದು ಫಾರೆಕ್ಸ್ ಕಾರ್ಡ್‌ನಲ್ಲಿರಲಿ. ತುರ್ತಿಗೆ ಕರೆ ಮಾಡಬೇಕಾದ ಸಂಖ್ಯೆ 911. ಊರಿಗೆ ಫೋನ್ ಮಾಡುವಾಗ ಬೇಸಿಗೆಯಲ್ಲಿ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ವ್ಯತ್ಯಾಸ ನೆನಪಿರಲಿ. ಅಲ್ಲಿ ರಾತ್ರಿ ಊಟ ಮುಗಿಸಿ ಎಂಟೂವರೆಗೆ ಕರೆ ಮಾಡಿದರೆ ಬೇಸಿಗೆಯಲ್ಲಿ ಇಲ್ಲಿ ಬೆಳಗ್ಗೆ ಏಳು ಗಂಟೆ, ಮನೆಯವರು ಕಾಫಿ ಕುಡಿಯುವ ಹೊತ್ತು.